‘ನೀವು’ ಎನ್ನುವ ಮಗಳು

‘ಬೇರೆಯವರ ಮಗು ಅಂಟಲ್ಲ ಮಾರಾಯ್ತಿ, ಕೆಸುವಿನೆಲೆ ಮೇಲಿನ ನೀರು ಅದು’ ಎಂದವರು ಭಂಡಿಗಡಿಯ ನನ್ನ ಸೋದರತ್ತೆ. ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದವರೂ ಅವರೇ. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೊಬ್ಬಳೇ. ಕೊಟ್ಟಿಗೆ ಬಳಿದು, ಕೊಪ್ಪದ ಬಸ್ಸಿನಲ್ಲಿ ನಿಂತೇ ಓದಿ ಬಿ.ಎ. ಮುಗಿಸಿದೆ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಅತ್ತೆ ಆಗದು ಎಂದದ್ದು ಆಗಿಯೇ ತೀರುತ್ತದೆ ಎಂಬ ಧೈರ್ಯ ನನಗೆ.

ದತ್ತು ಕೇಂದ್ರದಿಂದ ಮನೆಗೆ ಬಂದಾಗ ಮಗಳಿಗೆ ಆರು ವರ್ಷ. ‘ನೀರು ಕುಡೀಬಹುದಾ ಮೇಡಂ?’ ‘ನೀವು ಹೇಳಿದ ಹಾಗೆ ಮೇಡಂ.’ ತನ್ನ ತಟ್ಟೆ ತಾನೇ ತೊಳೆದಿಡುತ್ತಿದ್ದಳು. ‘ಅಮ್ಮ ಅನ್ನು’ ಎಂದರೆ ‘ಸರಿ ಮೇಡಂ’! ಬಂದವರೆಲ್ಲ ‘ಎಷ್ಟು ಒಳ್ಳೆ ಮಗು’ ಎನ್ನುವಾಗ ನನಗೆ ಮೈ ಉರಿಯುತ್ತಿತ್ತು. ಯಾವ ಮನೆಯಲ್ಲಿ ಮಗು ಅಮ್ಮನನ್ನು ‘ನೀವು’ ಎನ್ನುತ್ತದೆ? ಬಸ್ಸಿಗೆ ಕಾಯುವವರ ಹಾಗೆ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದಳು. ಮಕ್ಕಳ ಮನಸ್ಸಿನ ಬಗ್ಗೆ ಸಿಕ್ಕಿದ ಪುಸ್ತಕವನ್ನೆಲ್ಲ ಪರೀಕ್ಷೆಗೆ ಓದುವಂತೆ ಅಡಿಗೆರೆ ಹಾಕಿ ಓದಿದೆ. ಎಲ್ಲದರಲ್ಲೂ ತಾಳ್ಮೆ, ತಾಳ್ಮೆ. ಅದನ್ನು ಎಲ್ಲಿಂದ ತರುವುದು?

‘ಬಿಡು ಮಾರಾಯ್ತಿ, ಅದಾಗೇ ಬರ್ತದೆ’ ಎಂದು ಗಂಡ ಕಾಫಿ ಹೀರುತ್ತಿದ್ದರು. ಅವರನ್ನು ಅವಳು ‘ಸರ್’ ಎನ್ನುತ್ತಿದ್ದಳು. ಅವರಿಗೇನೂ ಬೇಸರವಿಲ್ಲ!

ಒಂದು ಬೆಳಿಗ್ಗೆ ಮತ್ತೆ ಕಡುಬು ಬಡಿಸಿದೆ. ತಟ್ಟೆ ನೂಕಿದಳು. ಚಟ್ನಿ ನೆಲದ ಮೇಲೆ.

‘ದಿನಾ ಕಡುಬು! ನೀನೇ ತಿನ್ನು!’

ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ನೀನು! ಅಷ್ಟರಲ್ಲಿ ಅವಳೇ ಹೆದರಿ ಬಾಗಿಲ ಕಡೆ ನೋಡಿದಳು, ವಾಪಸ್ಸು ಕಳಿಸುತ್ತಾರೇನೋ ಎಂಬಂತೆ.

‘ಚಟ್ನಿ ಒರೆಸು. ನಾಳೆ ದೋಸೆ ಮಾಡ್ತೀನಿ’ ಎಂದೆ, ಸಿಟ್ಟಿನಲ್ಲೇ.

ಮಾಡಿದೆ. ಸೀದಿದೆ ಎಂದಳು. ಆಮೇಲಿನದು ಕೇಳಬೇಡಿ. ಹಠ, ದಡಾರನೆ ಬಾಗಿಲು ಬಡಿಯುವುದು, ಶಾಲೆಗೆ ಹೊರಡುವಾಗ ಒಂದೇ ಒಂದು ಸಾಕ್ಸ್ ಅಡಗಿಸುವುದು. ‘ಮೇಡಂ’ ಯಾವಾಗ ಹೋಯಿತೋ, ಕೂಗಾಟದ ನಡುವೆ ನನಗೆ ತಿಳಿಯಲೇ ಇಲ್ಲ.

ತಂದೆ-ತಾಯಿ ಎಂದು ನಮ್ಮ ಹೆಸರಿರುವ ಅವಳ ಜನನ ಪ್ರಮಾಣಪತ್ರ ತರಲು ಅವಳನ್ನೂ ಕರೆದುಕೊಂಡು ಕಚೇರಿಗೆ ಹೋದ ದಿನ ಅತ್ತೆಯೂ ಜೊತೆಗೆ ಬಂದರು. ಕಣ್ಣಾರೆ ಕಾಣದೆ ನಂಬುವವರಲ್ಲ. ಗುಮಾಸ್ತರು ಅದನ್ನು ನನ್ನ ಕೈಗಿತ್ತರು. ಕನ್ನಡಕ ಹುಡುಕುವಷ್ಟರಲ್ಲಿ ಮಗಳು ಕೈ ಹಾಕಿದಳು.

‘ಕೊಡೇ ಅಮ್ಮ, ಅದು ನಂದು! ನಿಂದು ಗೋಡೆ ಮೇಲಿದೆಯಲ್ಲ!’

ಕಚೇರಿಯವರೆಲ್ಲ ತಿರುಗಿ ನೋಡಿದರು. ಕೊಟ್ಟೆ.

‘ಎಂತ ಬಾಯಿ ಇದಕ್ಕೆ!’ ಎಂದರು ಅತ್ತೆ. ‘ಕಾಲೇಜಿಗೆ ಹೋಗ್ತೀನಿ ಅಂತ ನಮ್ಮಣ್ಣನ ಹತ್ರ ನೀನೂ ಹೀಗೇ ಹಾರಾಡಿದ್ದೆ. ನಿನ್ನದೇ ಮಗಳು. ಅನುಭವಿಸು ಮಾರಾಯ್ತಿ.’