ಮಾವ ಹಾಕಿದ ಪಂಚಾಂಗ

ಸಾವಿರದ ಒಂಬೈನೂರ ನಲವತ್ತೇಳು. ನನಗಾಗ ಇಪ್ಪತ್ತೊಂದು ವರ್ಷ. ಸುಣ್ಣ ಕಲಸಿ ಕಲಸಿ, ಮೇಸ್ತ್ರಿಯಾಗಿದ್ದ ನನ್ನ ಸೋದರಮಾವನ ಅಂಗೈ ಬೇಸಗೆಯ ಗದ್ದೆಯಂತೆ ಬಿರಿದಿತ್ತು. ಆ ಬಿರುಕುಗಳಿಗೆ ಕೊಬ್ಬರಿ ಎಣ್ಣೆ ತುಂಬಿಕೊಂಡು, ಅದೇ ಕೈಯನ್ನು ಹಳದೀಪುರಕ್ಕೆಲ್ಲ ತೋರಿಸಿ ಬೀಗುತ್ತಿದ್ದರು: "ಈ ಕೈ ಹಾಕಿದ ಪಂಚಾಂಗ ಅಲುಗಿದ್ದು ಯಾರಾದ್ರೂ ಕಂಡಿದ್ರೆ ಹೇಳಿ!"

ನಮ್ಮ ಕರಾವಳಿಯಲ್ಲಿ ಅಡಿಪಾಯಕ್ಕೂ ಪಂಚಾಂಗವೆಂದೇ ಹೆಸರು. ಆಗಷ್ಟೇ ಶಾಲೆಗೆ ಮಾಸ್ತರನಾಗಿ ಸೇರಿ, ಮಕ್ಕಳ ಒಂದೊಂದು ಪದವನ್ನೂ ತಿದ್ದುತ್ತಿದ್ದ ನಾನು, "ಅಡಿಪಾಯ ಎನ್ನಿ, ಮಾವ" ಎಂದರೆ ಅವರು ನಗುತ್ತಿದ್ದರು. "ಜೋಯ್ಸರ ಪಂಚಾಂಗ ಯುಗಾದಿಗೆ ಹಳೇದಾಗ್ತದೆ, ಮಾಸ್ತರೆ. ನಂದು ಹಂಗಲ್ಲ."

ಮುಂಬಯಿಯ ಬೇಕರಿಯೊಂದರಲ್ಲಿ ದುಡಿದು, ಆರೋಗ್ಯ ಕೆಟ್ಟು ಊರಿಗೆ ಮರಳಿದ ನನ್ನ ಬಾವ, ಹಿತ್ತಲಲ್ಲಿ ಭಟ್ಟಿ ಕಟ್ಟಿಸಿ ಹೊನ್ನಾವರದ ಚಹಾದಂಗಡಿಗಳಿಗೆ ಪಾವುರೊಟ್ಟಿ ಸುಟ್ಟು ಕೊಡಬೇಕೆಂದಿದ್ದ. ಅಕ್ಕನ ಸಂಸಾರಕ್ಕೆ ಬೇರೆ ಆಧಾರವಿರಲಿಲ್ಲ. ಭಟ್ಟಿಗೆ ಪಂಚಾಂಗ ಹಾಕುವ ಕೆಲಸ ಮಾವನದು. ಪರವಾನಿಗೆಯ ಮೇಲೆ ಹೇಗೋ ಸಿಮೆಂಟು ಸಿಕ್ಕಿತು, ಜಲ್ಲಿ ಬಂತು, ಶರಾವತಿಯ ಹೊಯ್ಗೆ, ಅಂದರೆ ಮರಳು, ತರಬೇಕಾದ ದೋಣಿ ಮಾತ್ರ ಬರಲಿಲ್ಲ.

"ನಾಡಿದ್ದು ಬಿಟ್ರೆ ಎರಡು ತಿಂಗ್ಳು ಒಳ್ಳೇ ದಿನ ಇಲ್ಲ ಅಂದ್ರು ಜೋಯ್ಸರು. ಸಮುದ್ರದ ಹೊಯ್ಗೆ ಹಾಕಿ, ಮಾವ" ಎಂದಳು ಅಕ್ಕ.

"ಅದ್ರಲ್ಲಿ ಉಪ್ಪು ಇರ್ತದೆ ತಂಗಿ. ಹೊಳೆ ಹೊಯ್ಗೆ ಬರ್ಲಿ." ಕಿರಿಯ ಹೆಣ್ಣುಮಕ್ಕಳೆಲ್ಲ ಮಾವನಿಗೆ ತಂಗಿಯರೇ.

"ತೊಳ್ದು ಹಾಕಿದ್ರೆ ಆಗೂದಿಲ್ವಾ?" ಅವಳ ಕಣ್ಣು ತುಂಬಿತ್ತು.

ಆಕೆ ಕೇಳಿದ್ದಕ್ಕೆ ಇಲ್ಲವೆನ್ನಲು ಅರಿಯದ ಮಾವ ನನ್ನ ಮುಖ ನೋಡಿದರು. ನಾನು ಅಕ್ಕನ ಪಕ್ಷ ವಹಿಸಿದೆ. ಮಾವ "ಆತು" ಎಂದರು.

ಮರುವರ್ಷದ ಮಳೆಗಾಲದಲ್ಲಿ ಆ ಅಡಿಪಾಯದ ಮೇಲೆ ಬೆಳ್ಳಗೆ ಉಪ್ಪು ಹೂಬಿಟ್ಟಿತು. ತಳ ಸದಾ ಬೆವರುತ್ತಿತ್ತು. ಕೊನೆಗೆ ಒಂದು ಮೂಲೆ ಕುಸಿದು, ಭಟ್ಟಿಯ ಗುಮ್ಮಟ ಸೀಳಿತು. ಬಾವನ ಪಾವು ಮೇಲೆ ಕರಕಲಾಗಿ ಕೆಳಗೆ ಹಸಿಯಾಗಿರುತ್ತಿತ್ತು. ಅಂಗಡಿಗಳವರು ಒಬ್ಬೊಬ್ಬರಾಗಿ ಬೇಡವೆಂದರು.

ಒಂದು ಸಂಜೆ ಚಹಾದಂಗಡಿಯಲ್ಲಿ ಮಾವನ ಪಕ್ಕದಲ್ಲೇ ನಾನು ಕುಳಿತಿದ್ದೆ. ಯಾರೋ ಕೂಗಿದರು: "ಎಂತ ಮೇಸ್ತ್ರಿ, ನಿನ್ನ ಪಂಚಾಂಗದಲ್ಲಿ ಮಳೆ ಬರೂದು ಬರ್ದಿರ್ಲಿಲ್ವಾ?" ಅಂಗಡಿಯೆಲ್ಲ ನಕ್ಕಿತು. ನಾನು ನಿಜ ಹೇಳಲು ಬಾಯಿ ತೆರೆದೆ. ಮಾವನ ಒರಟು ಅಂಗೈ ನನ್ನ ಮೊಣಕಾಲನ್ನು ಒತ್ತಿ ಹಿಡಿಯಿತು. "ಹೆಣ್ಮಗು ಹೆಸ್ರು ಇಲ್ಲಿ ಬೇಡ" ಎಂದು ಪಿಸುಗುಟ್ಟಿ, ಗಟ್ಟಿಯಾಗಿ, "ಹೌದು, ನನ್ನ ಕೈ ತಪ್ತು" ಎಂದರು. ಆ ಕೈಯನ್ನು ಮತ್ತೆ ಅವರು ಯಾರಿಗೂ ತೋರಿಸಲಿಲ್ಲ.

ಅಂದಿನಿಂದ ಮಾವ ಅಕ್ಕನ ಮನೆಗೆ ಬಂದರೂ ಆಸರಿ ಮುಟ್ಟಲಿಲ್ಲ. ಬಂದವರ ಮುಂದೆ ಮೊದಲು ಆಸರಿಯೆಂದು ಬೆಲ್ಲ, ನೀರು ಇಡುವುದು ನಮ್ಮ ಕಡೆಯ ಪದ್ಧತಿ; ಅವರು ಚೊಂಬನ್ನು ಮೆಲ್ಲಗೆ ಹಿಂದಕ್ಕೆ ಸರಿಸುವರು. "ಭಟ್ಟಿ ನೆಟ್ಟಗೆ ನಿಂತ್ಮೇಲೆ ಕುಡೀತೆ ತಂಗಿ." ಅಕ್ಕ ಒಳಗೆ ಹೋಗಿ ಅಳುವಳು. ನಾನು ಜಗಲಿಯಲ್ಲಿ ತಲೆ ತಗ್ಗಿಸಿ ಕೂರುವೆ. ಮಾವ ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಾವ ತೀರಿಕೊಂಡು ವರ್ಷಗಳು ಸಂದಿವೆ. ಪಾಠದಲ್ಲಿ ಪಂಚಾಂಗ ಎಂಬ ಪದ ಬಂದಾಗಲೆಲ್ಲ ಅದರ ಎರಡನೆಯ ಅರ್ಥವನ್ನೂ ಹೇಳಿಕೊಡುತ್ತಿದ್ದೆ. ಹೇಳುವಾಗ ಮಕ್ಕಳ ಕಡೆಗೆ ನೋಡುತ್ತಿರಲಿಲ್ಲ.

ಅಂದು, ಆ ಮಳೆಗಾಲ ಮುಗಿದು ಮತ್ತೆ ಸಿಮೆಂಟು ಸಿಕ್ಕಾಗ, ಮಾವ ಹಳೆಯದನ್ನು ತಾವೇ ಒಡೆದು ತೆಗೆದು, ಹೊಳೆಯ ಮರಳಿನಿಂದ ಹೊಸದನ್ನು ಹಾಕಿದರು. ಅದು ಪೂರಾ ಗಟ್ಟಿಯಾಗುವವರೆಗೆ ಮೇಲೆ ಒಂದು ಇಟ್ಟಿಗೆಯನ್ನೂ ಇಡಗೊಡಲಿಲ್ಲ. ಭಟ್ಟಿಗೆ ಬೆಂಕಿ ಹಾಕಲು ಈ ಸಲ ಜೋಯಿಸರನ್ನು ಯಾರೂ ಕೇಳಲಿಲ್ಲ. ಬಾವ ಮೊದಲ ಪಾವುಗಳನ್ನು ಹೊರಗೆಳೆದಾಗ ಮಾವ ಅವುಗಳತ್ತ ನೋಡದೆ, ಬಗ್ಗಿ, ಅಡಿಪಾಯದ ಮೇಲೆ ಅಂಗೈ ಊರಿದರು. ಅದು ಒಣಗಿತ್ತು. ಆಮೇಲೆ ಜಗಲಿಗೆ ಬಂದು ಕುಳಿತು, "ಆಸರಿಗೆ ಎಂತ ಕೊಡ್ತೆ ತಂಗಿ?" ಎಂದರು.

ಅಕ್ಕ ಬೆಲ್ಲದ ತಟ್ಟೆಯನ್ನೂ ಚೊಂಬನ್ನೂ ತಂದಿಟ್ಟಳು. ಮಾವ ಚೊಂಬನ್ನೆತ್ತಿ ತಳ ಕಾಣುವವರೆಗೆ ಕುಡಿದರು. ಅಂದು ೧೯೪೯ನೆಯ ಇಸವಿಯ ಫೆಬ್ರವರಿ ಹನ್ನೆರಡು, ಶನಿವಾರ.