ಅಕ್ಕನ ಬಾಗಿಲಿಗೆ ಇಟ್ಟ ಕ್ಯಾಮೆರಾ

ಎರಡನೇ ಸಲ ಕಾಣೆಯಾದ ಅಕ್ಕ ಈಸೂರಿನ ಕಡೆಯಿಂದ ಯಾರದೋ ಎತ್ತಿನ ಗಾಡಿಯಲ್ಲಿ, ಹುಲ್ಲಿನ ಹೊರೆಗೆ ಒರಗಿ ಕೂತು ವಾಪಸು ಬಂದಳು. ಮಾರನೆಯ ದಿನವೇ ಸೊರಬದಿಂದ ತಮ್ಮ ಬಂದ. ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ.

"ಸಣ್ಣಕ್ಕ, ಮೂರನೇ ಸಲ ಹಿಂಗಾದ್ರೆ ನಾನು ಕೇಳಲ್ಲ. ದೊಡ್ಡಕ್ಕನ್ನ ಕರ್ಕೊಂಡು ಹೋಗ್ತೀನಿ. ನಮ್ಮನೇಲಿ ನಡುಕೋಣೆ ಖಾಲಿ ಇದೆ, ಹೊರಗಿಂದ ಚಿಲಕ ಇದೆ."

"ಅಕ್ಕ ಏನು ದನಾನೇನೋ, ಕಟ್ಟಿ ಹಾಕೋಕೆ?"

"ದನ ಆಗಿದ್ರೆ ಸಂಜೆ ತಾನಾಗೇ ಕೊಟ್ಟಿಗೆಗೆ ಬರ್ತಿತ್ತು ಮಾರಾಯ್ತಿ. ಇವಳು ಬರಲ್ವಲ್ಲ!"

ಅವನೇನು ಕೆಟ್ಟವನಲ್ಲ. ಹೊರಡುವಾಗ ಅಕ್ಕನ ಕಾಲು ಮುಟ್ಟಿದ. ಅವಳು ಅವನ ತಲೆ ಸವರಿ, "ಯಾರ ಮಗನಪ್ಪಾ ನೀನು?" ಎಂದು ಕೇಳಿದಳು. ಗೇಟಿನ ಹತ್ತಿರ ಅವನು ಟವೆಲಿನಿಂದ ಮುಖ ಒರೆಸಿಕೊಂಡದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅವನನ್ನು ಸಾಕಿದವಳು ಅವಳೇ. ಅವನು ಹುಟ್ಟಿದ ಹತ್ತನೇ ದಿನಕ್ಕೆ ಅವ್ವ ತೀರಿಕೊಂಡಳು. ಅಕ್ಕನಿಗೆ ಹದಿನಾಲ್ಕು, ನನಗೆ ಎಂಟು. ಕೂಸನ್ನು ನೋಡಿಕೊಳ್ಳಲು ನನ್ನನ್ನು ಮನೆಯಲ್ಲೇ ಇಟ್ಟುಕೊಂಡು ಅಕ್ಕನ ಮದುವೆ ಮಾಡಿಬಿಡೋಣ ಎಂದು ಅಪ್ಪ ಯೋಚಿಸಿದ್ದರಂತೆ. ಅಕ್ಕ ಕೂಸನ್ನು ತಾನೇ ನೋಡಿಕೊಂಡು, ಗಂಡಿನ ಕಡೆಯವರನ್ನು ನಾಲ್ಕು ವರ್ಷ ಕಾಯಿಸಿದಳು. ನಾನು ಟ್ರಂಕು ಹಿಡಿದು ಶಿವಮೊಗ್ಗದ ಕಾನ್ವೆಂಟಿಗೆ ಹೋದೆ. ನನ್ನ ಇಂಗ್ಲಿಷು, ನನ್ನ ನೌಕರಿ, ಮದುವೆ ಬೇಡ ಎಂದು ತಲೆಯೆತ್ತಿ ಹೇಳುವ ನನ್ನ ಧೈರ್ಯ, ಎಲ್ಲಾ ಆ ನಾಲ್ಕು ವರ್ಷದಲ್ಲಿ ಹುಟ್ಟಿದ್ದು.

ಚಿಲಕದ ವಿಷಯದಲ್ಲಿ ನನಗೊಂದು ಹಟವಿತ್ತು. ನಮ್ಮ ಹಾಸ್ಟೆಲ್ಲಿನ ಡಾರ್ಮಿಟರಿಗೆ ಎಂಟು ಗಂಟೆಗೆ ಹೊರಗಿನಿಂದ ಬೀಗ ಬೀಳುತ್ತಿತ್ತು. "ಫಾರ್ ಯುವರ್ ಓನ್ ಸೇಫ್ಟಿ, ಚಿಲ್ಡ್ರನ್" ಎನ್ನುತ್ತಿದ್ದರು ವಾರ್ಡನ್. ಆ ಬೀಗದ ಸದ್ದು ಕೇಳಿದ ಮೇಲೆ, ಬೇಡದಿದ್ದರೂ, ಬಚ್ಚಲಿಗೆ ಹೋಗಬೇಕು ಅನ್ನಿಸುತ್ತಿತ್ತು. ಅದನ್ನು ಅಕ್ಕನಿಗೆ ಮಾಡಲಾರೆ ಎಂದು ನನಗೆ ನಾನೇ ಪ್ರಾಮಿಸ್ ಮಾಡಿಕೊಂಡಿದ್ದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಶಿಕಾರಿಪುರದಲ್ಲಿ ನಮ್ಮದು ಬಾಡಿಗೆ ಮನೆ. ಎದುರಿಗೇ, ರಸ್ತೆಯ ಆಚೆ, ಗೊಬ್ಬರದಂಗಡಿಯ ಮಹಡಿಯಲ್ಲಿ ಟೈಪಿಂಗೂ ಇಂಗ್ಲಿಷೂ ಕಲಿಸುವ ನನ್ನ ಇನ್‌ಸ್ಟಿಟ್ಯೂಟ್. ಗಂಡ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೆ ಬಂದು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮೊದಲು ಅವಳು ಮರೆತದ್ದು ವಾರಗಳನ್ನು. ಸೋಮವಾರ ಎಂದುಕೊಂಡು ಗುರುವಾರ ಉಪವಾಸ ಮಾಡಿದಳು. ನಾನು ನಕ್ಕೆ. ಆಮೇಲೆ ಒಲೆಯನ್ನು ಮರೆತಳು, ಆಮೇಲೆ ಬೀದಿಯನ್ನು. ಡೆಸ್ಪರೇಟ್ ಎನ್ನುವ ಪದವನ್ನು ವಾಕ್ಯದಲ್ಲಿ ಬಳಸಿ ತೋರಿಸಿ ಎಂದು ನೂರಾರು ಹುಡುಗಿಯರಿಗೆ ಕ್ಲಾಸಿನಲ್ಲಿ ಹೇಳಿದವಳು ನಾನು. ಅದರ ಅರ್ಥ ನನಗೇ ಗೊತ್ತಿರಲಿಲ್ಲ.

ಉಪಾಯ ಹೇಳಿದವನು ನಮ್ಮ ಬೀದಿಯ ಟಿವಿ ಮೆಕ್ಯಾನಿಕ್. ಬೆಂಗಳೂರಿನಲ್ಲಿ ಹೊಸದೊಂದು ಬಂದಿದೆಯಂತೆ, ಬೆಂಕಿಪೊಟ್ಟಣದಷ್ಟು ಕ್ಯಾಮೆರಾ, ಇಲ್ಲಿ ಇಟ್ಟರೆ ಅಲ್ಲಿ ಟಿವಿಯಲ್ಲಿ ಕಾಣುತ್ತದಂತೆ.

"ವೈರ್ ಎಳೆದ್ರೆ ಇನ್ನೂ ಚೆನ್ನಾಗಿ ಕಾಣ್ತಿತ್ರೀ ಮೇಡಂ. ಆದ್ರೆ ಈ ರಸ್ತೆಗೆ ಎಳೆಯಂಗಿಲ್ಲ. ಸುಗ್ಗಿ ಬಂತು, ಹುಲ್ಲಿನ ಟ್ರ್ಯಾಕ್ಟರು ಹೋದ್ರೆ ವೈರೂ ಹೋತು, ಕಂಬಾನೂ ಹೋತು. ಇದು ವೈರ್‌ಲೆಸ್. ಗಾಳ್ಯಾಗೇ ಬರತ್ತೆ."

ಅವನು ಅದನ್ನು ತರಿಸಿ, ಮೊಳೆ ಸುತ್ತಿಗೆ ಹಿಡಿದು ಬಂದ ದಿನ ನಮ್ಮ ಮನೆಗೆ ನೆಂಟರು ಬಂದ ಹಾಗಿತ್ತು. ಮೊದಲು ಪಡಸಾಲೆಯ ಒಳಗೋಡೆಗೆ, ಬಾಗಿಲಿಗೆ ಮುಖಮಾಡಿ ಇಟ್ಟ. ಬಾಗಿಲು ತೆರೆದರೆ ಹಿಂದಿನ ಬಿಸಿಲಿಗೆ ಅಕ್ಕ ಕರೀ ಬೊಂಬೆಯಾಗಿ ಕಂಡಳು. "ಬೆಳಕಿಗೆ ಎದುರು ಇಡಬಾರ್ದ್ರೀ" ಎಂದು ಅದನ್ನು ಕಿತ್ತು, ಬಾಗಿಲ ಪಕ್ಕದ ಮೂಲೆಯಲ್ಲಿ ಎತ್ತರಕ್ಕೆ, ಬಾಗಿಲೂ ಅಕ್ಕನ ಕುರ್ಚಿಯೂ ಕಾಣುವ ಹಾಗೆ ಓರೆಯಾಗಿ ಹೊಡೆದ. ಕೆಳಗೆ ಅಡಾಪ್ಟರು, ಪಕ್ಕದಲ್ಲಿ ಬೆರಳುದ್ದದ ಆಂಟೆನಾ, ಮುಂದೆ ಸಾಸಿವೆಕಾಳಿನಂಥ ಕೆಂಪು ದೀಪ. ಇನ್‌ಸ್ಟಿಟ್ಯೂಟಿನಲ್ಲಿ ನನ್ನ ಹಳೆಯ ಬ್ಲಾಕ್ ಅಂಡ್ ವೈಟ್ ಟಿವಿ. ಅವನು ಅದರ ಮುಂದಿನ ಸಣ್ಣ ತಿರುಪುಗಳನ್ನು ತಿರುವುತ್ತಾ ಹೋದ. ನಾನು ಮಹಡಿಯ ಕಿಟಕಿಯಿಂದ, ಮನೆಯಲ್ಲಿ ನಿಂತಿದ್ದ ಅವನ ಹೆಂಡತಿಗೆ ಕೂಗಿ ಹೇಳಿದೆ, ಆಂಟೆನಾ ಎಡಕ್ಕೆ ತಿರುಗಿಸಿ, ಇನ್ನೂ ಎಡಕ್ಕೆ. ಬರೀ ಚಿಕ್ಕೆ ಚಿಕ್ಕೆ. ಆಮೇಲೆ ಒಮ್ಮೆಲೇ ಅಕ್ಕ. ಕುರ್ಚಿಯಲ್ಲಿ ಕೂತು ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದಳು. ನಾನು ಅತ್ತುಬಿಟ್ಟೆ.

"ಹಿತ್ತಲ ಬಾಗಿಲಿಗೂ ಒಂದು ಹಾಕೋಣೇನ್ರೀ?" ಎಂದು ಅವನು ಕೇಳಿದ. ಎರಡು ಸಲವೂ ಮುಂಬಾಗಿಲಿನಿಂದಲೇ ಹೋಗಿದ್ದಾಳೆ, ಬೇಡ ಎಂದೆ.

ಅಲ್ಲಿಂದ ಆರು ವಾರ ನಾನು ಆ ಗಾಜಿನೊಳಗೇ ಬದುಕಿದೆ. ಕೆಳಗಿನ ಅಂಗಡಿಯವನ ಲೂನಾ ಮೊಪೆಡ್ ಹೊರಟರೆ ಚಿತ್ರ ಹರಿದುಹೋಗುತ್ತಿತ್ತು. ಯಾರ ಮನೆಯಲ್ಲಾದರೂ ಮಿಕ್ಸಿ ತಿರುಗಿದರೆ ಅಕ್ಕನ ಮೇಲೆ ಮಳೆ ಸುರಿಯುತ್ತಿತ್ತು. ಕರೆಂಟ್ ಹೋದರೆ ಎಲ್ಲಾ ಕಪ್ಪು. ಆಗ ನಾನು ಪಾಠವನ್ನು ಅರ್ಧಕ್ಕೇ ಬಿಟ್ಟು, ಮೆಟ್ಟಿಲಿಳಿದು, ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟುತ್ತಿದ್ದೆ. ಲೋಡ್ ಶೆಡ್ಡಿಂಗಿನ ಹೊತ್ತು ನನಗೆ ಬಾಯಿಪಾಠವಾಗಿತ್ತು. ಪರೀಕ್ಷೆ ಹತ್ತಿರವಿದ್ದ ಹುಡುಗಿಯರು ಮುಖ ಗಂಟಿಕ್ಕುತ್ತಿದ್ದರು. "ಮಿಸ್ಸಿಗೆ ಈಗ ಸೀರಿಯಲ್ ಹುಚ್ಚು" ಎಂದು ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಅಂದದ್ದು ಕೇಳಿಸಿತು. ನಾನು ಬೈಯಲಿಲ್ಲ. ನೋಡದೆ ಇದ್ದ ಒಂದೊಂದು ನಿಮಿಷವೂ ತಮ್ಮನ ಕೋಣೆಯ ಕಡೆಗೆ ಅಕ್ಕನನ್ನು ದೂಡಿದ ಹಾಗೆ ಅನ್ನಿಸುತ್ತಿತ್ತು.

ಒಂದು ವಿಷಯ ಮಾತ್ರ ನನ್ನ ಕಣ್ಣಿಗೆ ಬಿದ್ದೂ ಬುದ್ಧಿಗೆ ಬೀಳಲಿಲ್ಲ. ಕ್ಯಾಮೆರಾ ಬಂದ ಮೇಲೆ ಅಕ್ಕ ಪಡಸಾಲೆಯಲ್ಲಿ ತಲೆಯ ಮೇಲೆ ಸೆರಗು ಹೊದೆಯತೊಡಗಿದಳು.

"ಯಾಕಕ್ಕಾ, ಈ ಸೆಕೇಲಿ?"

"ಮೆಲ್ಲಗೆ ಮಾತಾಡೇ. ಹಿರೇರು ಕೂತಿದಾರೆ ಬಾಗಿಲಲ್ಲಿ."

"ಅದು ಕ್ಯಾಮೆರಾ ಅಕ್ಕಾ. ಮಷೀನು."

"ನಿಂಗೆ ಎಲ್ಲಾ ಹುಡುಗಾಟ. ಕಾನ್ವೆಂಟಲ್ಲಿ ಇದೇ ಕಲಿಸಿದ್ರಾ?"

ಹೌ ಸ್ವೀಟ್, ಎಂದು ನಾನು ಆ ದಿನವಿಡೀ ನಗುತ್ತಿದ್ದೆ.

ಆರನೇ ವಾರದ ಒಂದು ಮಧ್ಯಾಹ್ನ ಮೂರು ಗಂಟೆಗೆ ಸೀನಿಯರ್ ಬ್ಯಾಚಿನ ಸ್ಪೀಡ್ ಟೆಸ್ಟ್ ಇತ್ತು. ಹತ್ತು ನಿಮಿಷ ಸ್ಟಾಪ್‌ವಾಚಿನ ಮೇಲೆ ಕಣ್ಣಿಟ್ಟೆ. ತಲೆಯೆತ್ತಿದಾಗ ಟಿವಿಯಲ್ಲಿ ಕುರ್ಚಿ ಖಾಲಿ. ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಅಡ್ಡಾಗಲು ಒಳಗೆ ಹೋಗಿರುತ್ತಾಳೆ, ದಿನಾ ಹೋಗುವ ಹೊತ್ತು ಅದೇ. ಮುಚ್ಚಿದ ಬಾಗಿಲನ್ನು ನೋಡುತ್ತಾ ನಾನು ನೆಮ್ಮದಿಯಾಗಿ ಪೇಪರ್ ತಿದ್ದಿದೆ. ಐದರವರೆಗೂ ತಿದ್ದಿದೆ.

ಮನೆಗೆ ಬಂದರೆ ಹಾಸಿಗೆ ಮಡಿಸಿದ್ದು ಮಡಿಸಿದ ಹಾಗಿತ್ತು. ಬಚ್ಚಲಿನಲ್ಲಿಲ್ಲ. ಅಡಿಗೆಮನೆ ದಾಟಿದರೆ ಹಿತ್ತಲ ಬಾಗಿಲಿನ ಅಗುಳಿ ತೆಗೆದಿತ್ತು. ನಾನು ಬರಿಗಾಲಲ್ಲೇ ಬೀದಿಗೆ ಓಡಿದೆ. ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು.

"ನಮ್ಮಕ್ಕನ್ನ ನೋಡಿದ್ರಾ?"

"ಅಲ್ರೀ ಟೀಚರ್, ಮೂರು ಗಂಟೆಗೇ ಎದ್ದು ಸೆರಗು ಹೊದ್ಕೊಂಡು ಅಡಿಗೆಮನೆ ಕಡೆ ಹೋದ್ರಲ್ರೀ. ಬಾಗಿಲ ಕಡೆ ತಿರುಗಿ, ತಲೆ ತಗ್ಗಿಸಿ, ಗೋಡೆ ಪಕ್ಕಕ್ಕೇ ಸರಕೊಂಡು ಹೋದ್ರು. ನೀವು ನೋಡ್ತಿರ್ತೀರಿ ಅಂದ್ಕೊಂಡ್ವಿ."

"ನಿಮಗೆ ಹೇಗೆ ಕಾಣ್ತು? ಅದು ನಮ್ಮನೆ ಒಳಗೆ!"

ಅವಳ ಕೈ ಮೊರದಲ್ಲೇ ನಿಂತಿತು. ಹಿಂದೆ ಅವಳ ಅತ್ತೆ ಬಾಗಿಲಿಗೆ ಬಂದು, ಮುಚ್ಚಿಟ್ಟು ಪ್ರಯೋಜನವಿಲ್ಲ ಎನ್ನುವ ಹಾಗೆ ಹೇಳಿದಳು: "ನಮ್ಮ ಟಿವಿಗೂ ಬರತ್ತಮ್ಮ. ಮೂಲೆಮನೆಯವರಿಗೂ ಬರತ್ತೆ. ತಿರುಪು ತಿರುವಿದ್ರೆ ನಿಮ್ಮ ಪಡಸಾಲೆ. ಪಾಪ, ದಿನಾ ಮಧ್ಯಾಹ್ನ ಅವರ ಜೊತೆ ಕೂತಂಗಾಗ್ತಿತ್ತು ನಮಗೂ."

ಗಾಳಿಯಲ್ಲಿ ಬರುವುದು ಎಲ್ಲರ ಮನೆಗೂ ಬರುತ್ತದೆ ಎನ್ನುವಷ್ಟು ಫಿಸಿಕ್ಸ್ ನನಗೆ ಗೊತ್ತಿರಬೇಕಿತ್ತು. ಆರು ವಾರ ಇಡೀ ಬೀದಿ ಅಕ್ಕನನ್ನು ನೋಡಿದೆ. ಅವಳು ಕೂತಲ್ಲೇ ತೂಕಡಿಸುವುದನ್ನು, ಇಲ್ಲದವರ ಜೊತೆ ಮಾತಾಡುವುದನ್ನು, ಒಂದು ದಿನ ಸೀರೆ ಒದ್ದೆ ಮಾಡಿಕೊಂಡು ದಿಕ್ಕು ತೋಚದೆ ನಿಂತದ್ದನ್ನು. ಅವಳು ಹೋದಾಗಲೂ ಎಲ್ಲರೂ ನೋಡಿದ್ದಾರೆ. ನಾನು ನೋಡುತ್ತಿದ್ದೇನೆಂದು ಯಾರೂ ಏಳಲಿಲ್ಲ. ನಾಚಿಕೆಪಡಲು ಪುರುಸೊತ್ತಿರಲಿಲ್ಲ. ಗೋಡೆ ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ ಎಂಬ ಮಾತು ನನ್ನ ಎದೆಯಲ್ಲಿ ಸಿಕ್ಕಿಕೊಂಡಿತು.

ಸೊರಬದ ನಮ್ಮ ತೌರಿನಲ್ಲಿ ಮುಂದಿನ ಜಗಲಿಯ ಮೇಲೆ ಅಪ್ಪ ಮತ್ತು ಭತ್ತದ ವ್ಯಾಪಾರದವರು ಕೂತಿರುತ್ತಿದ್ದರು. ಅವರು ಕೂತಿದ್ದರೆ ಮನೆಯ ಹೆಂಗಸರು ಅವರೆದುರು ಹಾಯುವಂತಿಲ್ಲ. ಸೆರಗು ಹೊದ್ದು ಹಿತ್ತಲಿನಿಂದ ಹೋಗಬೇಕು. ರಜೆಗೆ ಬಂದ ನಾನು ಬೇಕೆಂದೇ ಮುಂಬಾಗಿಲಿನಿಂದ ಧಡಧಡ ಇಳಿಯುತ್ತಿದ್ದೆ. ಅಕ್ಕ ಒಂದು ದಿನವೂ ಹಾಗೆ ಮಾಡಿದವಳಲ್ಲ. ಈ ಎರಡು ಸಲ ಮುಂಬಾಗಿಲಿನಿಂದ ಹೋಗಿದ್ದಳೆಂದರೆ ಅಲ್ಲಿ ಯಾರೂ ಕೂತಿರಲಿಲ್ಲ, ಅಷ್ಟೆ. ಬಾಗಿಲಲ್ಲಿ ಕೆಂಪು ಕಣ್ಣಿನ ಹಿರಿಯರೊಬ್ಬರನ್ನು ತಂದು ಕೂರಿಸಿದವಳು ನಾನು. ಅವರಿಗೆ ಮರ್ಯಾದೆ ಕೊಟ್ಟು ಅಕ್ಕ ಹಿತ್ತಲಿನಿಂದ ಹೋದಳು.

ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ನೆನಪು ಮಾಡಿಕೊಂಡು ಹೇಳಿದ. "ಹ್ಞೂಂ ರೀ, ಒಬ್ರು ಅಮ್ಮ ಬಂದಿದ್ರು. ತೌರಿಗೆ ಹೋಗ್ಬೇಕು ಅಂದ್ರು. ಸೊರಬದ ಬಸ್ಸಿಗೆ ಯಾರೋ ಹತ್ತಿಸಿದ್ರು."

ಎದುರಿಗೇ ಎಸ್‌ಟಿಡಿ ಬೂತ್ ಇತ್ತು. ತಮ್ಮನಿಗೆ ಒಂದು ಫೋನ್ ಮಾಡಿದರೆ ಅವನು ಬಸ್ಸಿಗೇ ಹೋಗಿ ಇಳಿಸಿಕೊಳ್ಳಬಹುದು. ರಿಸೀವರ್ ಎತ್ತಿದೆ. ಫೋನ್ ಮಾಡಿದರೆ ಮೂರನೇ ಸಲ ಎಂದು ನನ್ನ ಬಾಯಿಂದಲೇ ಹೇಳಿದಂತೆ. ಮಾಡದಿದ್ದರೆ ಅವಳು ಶಿರಾಳಕೊಪ್ಪದಲ್ಲೋ, ಯಾವುದೋ ಕ್ರಾಸಿನಲ್ಲೋ ಇಳಿದುಬಿಟ್ಟರೆ? ನಂಬರಿನ ಅರ್ಧದವರೆಗೆ ಒತ್ತಿ ಇಟ್ಟುಬಿಟ್ಟೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಅಕ್ಕನ ಜೀವಕ್ಕಿಂತ ನನ್ನ ಹಟ ದೊಡ್ಡದಾದ ಕ್ಷಣ ಅದು. ಗಾಡ್ ಫರ್ಗಿವ್ ಮಿ. ಮುಂದಿನ ಬಸ್ಸಿಗೆ ಹತ್ತಿದೆ. ದಾರಿಯುದ್ದಕ್ಕೂ ಪ್ರತಿ ಸ್ಟಾಪಿನಲ್ಲೂ ತಲೆ ಹೊರಗೆ ಹಾಕಿ ಬಿಳಿ ಸೆರಗನ್ನು ಹುಡುಕಿದೆ. ಬಂದಳಿಕೆಯ ಕಡೆ ತಿರುಗುವ ರಸ್ತೆಯ ಬಾಯಲ್ಲಿ ಒಬ್ಬಳು ಮುದುಕಿ ಕೂತಿದ್ದಳು. ನಿಲ್ಲಿಸಿ, ನಿಲ್ಲಿಸಿ ಎಂದು ಕಿರುಚಿದೆ. ಅವಳು ಬೇರೆ ಯಾರೋ. ಕಂಡಕ್ಟರ್ ಬೈದ. ನಾನು ಮತ್ತೆ ಹತ್ತಿದೆ.

ದೀಪ ಹಚ್ಚುವ ಹೊತ್ತಿಗೆ ಸೊರಬ ಮುಟ್ಟಿದೆ. ತಮ್ಮ ಜಗಲಿಯ ಮೇಲೆ ನಿಂತಿದ್ದ. ನನ್ನನ್ನು ಕಂಡು "ಒಳಗಿದಾಳೆ" ಎಂದ. ನಾನು ಮೆಟ್ಟಿಲ ಮೇಲೇ ಕೂತೆ.

"ಹಿತ್ತಲಿಂದ ಬಂದ್ಲು ಸಣ್ಣಕ್ಕ. ಬಂದೋಳೇ ಕೊಡ ತಗೊಂಡು ಬಾವಿ ಕಡೆ ಹೊರಟ್ಲು. ಇವಳು ನೋಡಿ ಹಿಡ್ಕೊಂಡ್ಲು, ಇಲ್ಲಾಂದ್ರೆ..." ಅವನು ಹೆಂಡತಿಯ ಕಡೆ ಕೈ ತೋರಿಸಿದ. ಆಮೇಲೆ ಗಟ್ಟಿಯಾಗಿ, "ನಾನು ಕೆಟ್ಟವನಾದ್ರೂ ಅಡ್ಡಿ ಇಲ್ಲ. ಇನ್ನು ಕಳಿಸಲ್ಲ" ಎಂದ.

"ನಾನೂ ಕೇಳಲ್ಲ," ಎಂದೆ. ನನ್ನ ಬಳಿ ಇನ್ನಾವ ಆರ್ಗ್ಯುಮೆಂಟೂ ಉಳಿದಿರಲಿಲ್ಲ. "ನನಗೂ ಆ ಕೋಣೇಲೇ ಒಂದು ಹಾಸಿಗೆ ಹಾಕಿಸು."

ಒಂದು ತಿಂಗಳೊಳಗೆ ಇನ್‌ಸ್ಟಿಟ್ಯೂಟ್ ಮುಚ್ಚಿದೆ. ಕ್ಯಾಮೆರಾವನ್ನು ಮೆಕ್ಯಾನಿಕ್ಕೇ ಬಿಚ್ಚಿದ. ಬೀದಿಯವರು ಯಾರೂ ಹೊರಗೆ ಬರಲಿಲ್ಲ. ಪಕ್ಕದ ಮನೆಯಾಕೆ ಮಾತ್ರ ಕಿಟಕಿಯಲ್ಲೇ ನಿಂತು, "ಹೆಂಗಿದಾರ್ರೀ?" ಎಂದಳು. ಚೆನ್ನಾಗಿದ್ದಾರೆ ಎಂದೆ.

ಸೊರಬದಲ್ಲಿ ಅಕ್ಕ ಇನ್ನೂ ಎರಡು ವರ್ಷ ಇದ್ದಳು. ನಾನು ಬಂದ ಮೇಲೆ ತಮ್ಮನೂ ಅವನ ಹೆಂಡತಿಯೂ ಬೆಳಿಗ್ಗೆಯೇ ತಮ್ಮ ಅಂಗಡಿಗೆ ಹೋಗಿಬಿಡುವರು. ಹಗಲೆಲ್ಲಾ ನಾವಿಬ್ಬರೇ. ಯಾರೇ ಆಗಲಿ ದಿನಕ್ಕೊಮ್ಮೆ ಸ್ನಾನಕ್ಕೆ ಹೋಗಲೇಬೇಕಲ್ಲ. ಮೊದಲ ದಿನ ಬಚ್ಚಲಿನ ಬಾಗಿಲು ತೆರೆದೇ ಸ್ನಾನ ಮಾಡಿದೆ. ಎರಡನೇ ದಿನ ಅವಳನ್ನೂ ಬಚ್ಚಲಿನ ಹೊಸ್ತಿಲಲ್ಲಿ ಕೂರಿಸಿಕೊಂಡೆ. ತಲೆಗೆ ನೀರು ಹಾಕಿ ಕಣ್ಣು ಒರೆಸಿಕೊಳ್ಳುವುದರೊಳಗೆ ಎದ್ದು ಬಾವಿಕಟ್ಟೆಗೆ ಹೋಗಿದ್ದಳು. ಮೂರನೇ ದಿನ ನಡುಕೋಣೆಯ ಚಿಲಕ ಹಾಕಿದೆ. ತಮ್ಮನಲ್ಲ, ನಾನು. ಆಮೇಲೆ ದಿನಾ ಹಾಕಿದೆ.

ಆ ಮೂರನೇ ದಿನ ಸ್ನಾನ ಅರ್ಧಕ್ಕೇ ಬಿಟ್ಟು ಬಂದಾಗ ಅವಳು ಒಳಗಿನಿಂದ ಬಾಗಿಲು ತಟ್ಟುತ್ತಿದ್ದಳು. ಸಿಟ್ಟಿನಿಂದಲ್ಲ, ಯಾರದೋ ಮನೆಗೆ ಬಂದವರು ತಟ್ಟುವ ಹಾಗೆ, ಎರಡೆರಡು ಸಲ.

"ಯಾರಾದ್ರೂ ಇದೀರಾ? ಚಿಲಕ ಬಿದ್ದಿದೆ."

"ನಾನಿದೀನಿ ಅಕ್ಕಾ."

"ಯಾರು ಹಾಕಿದ್ರೇ?"

ನೀರು ಸೋರುವ ತಲೆಯಲ್ಲಿ, ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೆ. "ಗಾಳಿಗೆ ಬಿದ್ದಿರ್ಬೇಕು," ಎಂದೆ.

"ಹಂಗಾದ್ರೆ ಗಾಳಿ ಜೋರಿದೆ," ಎಂದಳು ಅಕ್ಕ. "ನೀನು ಹೊರಗೆಲ್ಲೂ ಹೋಗ್ಬೇಡ."