ಮುಚ್ಚಳದ ಮೇಲೂ ಬರೆದವಳು

ಲ್ಯಾಬಿನಲ್ಲಿ ಅವಳಿಗೆ ‘ಎರಡ್ಸಲದಕ್ಕ’ ಎಂದೇ ಹೆಸರು. ಬೀಗ ಹಾಕಿದರೆ ಎರಡು ಸಲ ಎಳೆದು ನೋಡುವಳು, ಅಳತೆ ತೆಗೆದರೆ ಎರಡು ಸಲ ಬೆಳಕಿಗೆ ಹಿಡಿಯುವಳು. ಹನ್ನೊಂದು ವರ್ಷದಿಂದ ಅವಳ ಕೆಲಸ ಒಂದೇ. ಅಂಗೈಯಗಲದ ತಟ್ಟೆಗಳಲ್ಲಿ ಬೆಳೆಯುವ ಚರ್ಮದ ಜೀವಕೋಶಗಳಿಗೆ ದಿನ ಬಿಟ್ಟು ದಿನ ಹಳೆಯ ದ್ರವ ಹೀರಿ ತೆಗೆದು ಹೊಸದನ್ನು ಉಣಿಸುವುದು.

“ನಿಮ್ಮ ಲ್ಯಾಬಿನ ಮದ್ದಿಗೆ ಮುದಿ ಚರ್ಮನೂ ಎಳೇದಾಗುತ್ತಂತಲ್ಲ, ಮೊದಲು ನಿಮ್ಮ ಕೆನ್ನೆ ನೋಡ್ಕೊಳ್ಳಿ ಅತ್ತಿಗೆ” ಎಂದು ಮನೆಯಲ್ಲಿ ನಾದಿನಿ ಕಿಚಾಯಿಸುವಳು.

ಈ ಸಲ ಒಬ್ಬ ಅಜ್ಜಿ ಕೊಟ್ಟ ಚರ್ಮದಿಂದ ಬೆಳೆದದ್ದು ಎರಡೇ ತಟ್ಟೆ. ಒಂದಕ್ಕೆ ಸುಕ್ಕು ತಡೆಯುವ ಹೊಸ ಮದ್ದು, ಇನ್ನೊಂದಕ್ಕೆ ಬರೀ ಆಹಾರ. ಆರು ವಾರ ಕಳೆದಿತ್ತು. ಮರುದಿನ ವರದಿ ಹೋಗಬೇಕು.

ಗುರುತನ್ನು ತಟ್ಟೆಯ ತಳಕ್ಕೆ ಬರೆಯಬೇಕು, ಮುಚ್ಚಳಕ್ಕಲ್ಲ. ಹೊಸಬರಿಗೆ ಅವಳೇ ಹೇಳಿಕೊಡುವ ಮೊದಲ ಪಾಠ ಅದು. ಆದರೂ ಸ್ಪಿರಿಟ್ಟಿನಲ್ಲಿ ಒರೆಸುವಾಗ ಶಾಯಿ ಹೋದೀತೆಂಬ ಭಯಕ್ಕೆ ಅವಳು ಮುಚ್ಚಳದ ಮೇಲೂ ಬರೆಯುತ್ತಿದ್ದಳು. ಅಂದು ತಳದ ಶಾಯಿ ನಿಜಕ್ಕೂ ಹೋಗಿತ್ತು. ಮುಚ್ಚಳದ ಮೇಲಿದೆಯಲ್ಲ ಎಂಬ ಧೈರ್ಯದಲ್ಲಿ ಎರಡನ್ನೂ ಒಟ್ಟಿಗೇ ತೆರೆದಳು. ಮುಚ್ಚುವ ಹೊತ್ತಿಗೆ ಕೈ ಅಲ್ಲೇ ನಿಂತಿತು. ಎಡಗಡೆಯ ಮುಚ್ಚಳ ಎಡಗಡೆಯ ತಟ್ಟೆಯದೋ? ಇಲ್ಲಾ, ಕೈ ಅಡ್ಡ ಹಾಯಿಸಿ ಬಲಗಡೆಯದನ್ನು ಇಲ್ಲಿಟ್ಟಿದ್ದೆನೋ? ನೆನಪಿಸಿಕೊಂಡಷ್ಟೂ ಎರಡೂ ನಿಜವೆನಿಸಿತು.

ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಒಂದರಲ್ಲಿ ಕೋಶಗಳು ಒತ್ತೊತ್ತಾಗಿ ತುಂಬಿದ್ದವು. ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು, ಅವೂ ಸೊರಗಿದ್ದವು. ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯದು. ಬಿಟ್ಟರೆ ಆರು ವಾರದ ಕೆಲಸ ನೀರುಪಾಲು, ಇಷ್ಟು ವರ್ಷ ಉಳಿಸಿಕೊಂಡ ನಂಬಿಕೆಯೂ ಅದರ ಜೊತೆಗೇ. ಕೈಗವಸು ಕಳಚಿ, ಮತ್ತೆ ಹಾಕಿ, ಮತ್ತೆ ಕಳಚಿ ಲ್ಯಾಬಿನ ಮುಖ್ಯಸ್ಥೆ ಮೇಡಂ ಕೋಣೆಗೆ ಹೋದಳು.

“ಯಾವುದು ಯಾವುದು ಅಂತ ಗೊತ್ತಾಗ್ತಿಲ್ಲ ಮೇಡಂ.”

“ನಿಮಗಾ?” ಮೇಡಂ ನಕ್ಕೇಬಿಟ್ಟರು. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದರು. ಎದ್ದು ಬಂದು ಎರಡನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, “ಚೆನ್ನಾಗಿರೋದೇ ಮದ್ದಿಂದು ಅಲ್ವೇನಕ್ಕಾ?” ಎಂದರು.

“ಅದನ್ನ ತಿಳ್ಕೊಳ್ಳೋಕೆ ತಾನೆ ಮೇಡಂ ಇಷ್ಟು ದಿನ ಸಾಕಿದ್ದು?”

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಚೆಲ್ಲಿಬಿಡಿ. ವರದಿ ತಡವಾಗುತ್ತೆ ಅಂತ ನಾನು ಬರೀತೀನಿ” ಎಂದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನಿಸಿತು ಅವಳಿಗೆ.

ಕೋಶಗಳನ್ನು ಕೊಲ್ಲುವ ಬ್ಲೀಚ್ ಸುರಿಯುವ ಮುನ್ನ ಎರಡೂ ತಟ್ಟೆಗಳನ್ನು ಇನ್ನೊಮ್ಮೆ ನೋಡಿದಳು. ಮುಚ್ಚಳಗಳು ಅದಲುಬದಲೇ ಆಗಿರಲಿಲ್ಲವೇನೋ. ಹಾಗಿದ್ದರೆ ಸರಿಯಾಗಿದ್ದುದನ್ನೇ ಕೈಯಾರೆ ಹಾಳು ಮಾಡುತ್ತಿದ್ದಾಳೆ. ಅದಲುಬದಲಾಗಿದ್ದರೆ ಮಾಡುತ್ತಿರುವುದು ಒಳ್ಳೆಯ ಕೆಲಸ. ಎರಡರಲ್ಲಿ ಯಾವುದು ಎಂದು ಇನ್ನೆಂದೂ ತಿಳಿಯುವಂತಿಲ್ಲ. ಕೋಶಗಳ ಮೇಲೆ ಬ್ಲೀಚ್ ಹರಡುವಾಗಲೂ ಅವಳು ಅದನ್ನೇ ಯೋಚಿಸುತ್ತಿದ್ದಳು.